ಭಾರದ ಗುಂಡು

ಪೆಲ್ಕಿ, ಮಿಶಿಗನ್
ನವೆಂಬರ್ 3, 1986

ಪ್ರೀತಿಯ ಒನ್ನಿ ಅಣ್ಣನಿಗೆ,

ನಿನ್ನ ಕೆಮ್ಮು ಹೇಗಿದೆ? ಅರಿಜೋನಾದ ಒಣಗಾಳಿ ನಿನ್ನ ಎದೆಗೆ ಒಗ್ಗಿದೆ ಎಂದು ನಿನ್ನ ಮನೆಯೊಡತಿ ಒಚೋವಾ ಬರೆದ ಕಾರ್ಡು ಬಂತು. ಅವರಿಗೆ ನನ್ನ ನಮಸ್ಕಾರ ತಿಳಿಸು. ಇಲ್ಲಿ ಆಗಲೇ ಎರಡು ಸಲ ಹಿಮ ಬಿದ್ದಿದೆ. ಹಬೆಸ್ನಾನದ ಸೌನಾ ಮನೆಯ ಹೊಗೆ ಕೊಳವೆ ಬದಲಾಯಿಸಿದೆವು. ಈ ಸಲ ಆಲೂಗಡ್ಡೆ ಚೆನ್ನಾಗಿ ಬಂದಿದೆ.

ಒಂದು ವಿಷಯ ಕೇಳಬೇಕಿತ್ತು. ನೀನು ಊರು ಬಿಡುವ ಮುಂಚೆ ಮಾಡಿಕೊಟ್ಟ ಆ ಕೇಪಿನ ಕೋವಿ ಇದೆಯಲ್ಲ, ಡಿಸೆಂಬರಿನಲ್ಲಿ ಬಾಯಿಂದ ಮದ್ದು ತುಂಬುವ ಕೋವಿಗಳಿಗೆಂದೇ ಬಿಡುವ ಬೇಟೆ ಹಂಗಾಮಿನಲ್ಲಿ ಅದನ್ನು ಕಾಡಿಗೆ ಒಯ್ಯೋಣ ಅಂತಿದ್ದೇನೆ. ನಗಬೇಡ. ಐವತ್ತೆಂಟು ವರ್ಷಕ್ಕೆ ಹೆಂಗಸಿಗೆ ಹುಚ್ಚು ಹಿಡಿಯಬಾರದು ಎಂದು ಎಲ್ಲೂ ಬರೆದಿಲ್ಲ.

ಲಾನ್ಸ್ ಪೇಟೆಯ ಅಂಗಡಿಯವನು ಒಂದು ಡಬ್ಬ ಗುಂಡು ಕೊಟ್ಟಿದ್ದಾನೆ. ಒಂದೊಂದೂ ಮುನ್ನೂರ ಎಂಬತ್ತೈದು ಗ್ರೇನ್ ತೂಕ. ನೀನು ಎರಕ ಹೊಯ್ದು ಇಟ್ಟುಹೋದ ಉಂಡೆಗಳು ಅದರ ಅರ್ಧವೂ ತೂಗುವುದಿಲ್ಲವಂತೆ. "ಅಮ್ಮಾ, ಇದು ತಗುಲಿದ್ರೆ ಜಿಂಕೆ ನಿಂತಲ್ಲೇ ಕುಸೀತದೆ. ರಕ್ತ ಹುಡುಕ್ಕೊಂಡು ಅಲೆಯೋ ಕೆಲ್ಸಾನೇ ಇಲ್ಲ" ಅಂದ. ನಿಜವೇ? ಯಾವ ತೂಕದ್ದು ಹಾಕಲಿ? ಬೇಗ ಬರೆ.

ನನ್ನ ಗಂಡ ರೇನೊ ಚೆನ್ನಾಗಿದ್ದಾನೆ. ನಿನ್ನ ಹೆಸರು ಅವನು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ನಿನ್ನ ತಂಗಿ,
ಐಲಿ


ಬಿಸ್ಬಿ, ಅರಿಜೋನಾ
ನವೆಂಬರ್ 9, 1986

ಐಲಿ,

ನಕ್ಕೆ. ಎಷ್ಟು ನಕ್ಕೆನೆಂದರೆ ಒಚೋವಾ ಅಡುಗೆಮನೆಯಿಂದ ಓಡಿಬಂದು ನನ್ನ ಬೆನ್ನು ತಟ್ಟಿದರು, ಕೆಮ್ಮು ಹತ್ತಿತು ಅಂದುಕೊಂಡು. ಅಪ್ಪ ಬೇಟೆಗೆ ಕರೆದಾಗಲೆಲ್ಲ "ನಾನು ಹುಡುಕಿ ಕೊಡ್ತೀನಿ, ಹೊಡೆಯೋದು ನೀವೇ ಹೊಡೀರಿ" ಎನ್ನುತ್ತಿದ್ದವಳು ನೀನು. ಈಗ ಕೋವಿ ಎತ್ತುತ್ತೀಯಾ! ಸಂತೋಷ.

ಸರಿ, ಕೆಲಸದ ಮಾತು. ಆ ಡಬ್ಬವನ್ನು ಅಂಗಡಿಗೆ ಹಿಂದಿರುಗಿಸು. ಗುಂಡಿನ ತೂಕವನ್ನು ಅಂಗಡಿಯವನಲ್ಲ, ನಳಿಗೆ ಹೇಳಬೇಕು. ನಾನು ಕೊರೆದ ನಳಿಗೆಯ ಒಳಗೆ ಗೆರೆಗಳು ಬಹಳ ನಿಧಾನವಾಗಿ ಸುತ್ತುತ್ತವೆ. ಅದು ಉಂಡೆಗೆಂದೇ ಮಾಡಿದ್ದು, ನೂರ ಎಪ್ಪತ್ತೇಳು ಗ್ರೇನಿನ ಸೀಸದ ಉಂಡೆ, ಸುತ್ತ ಎಣ್ಣೆ ಸವರಿದ ಬಟ್ಟೆಯ ಚೂರು. ಉಂಡೆಗೆ ಸ್ವಲ್ಪ ತಿರುಗಿಸಿ ಬಿಟ್ಟರೆ ಸಾಕು. ಆ ಉದ್ದನೆಯ ಭಾರದ ಗುಂಡಿಗೆ ಹಾಗಲ್ಲ, ಅದು ಬುಗುರಿಯಂತೆ ಜೋರಾಗಿ ತಿರುಗಬೇಕು. ತಿರುಗದಿದ್ದರೆ ಗಾಳಿಯಲ್ಲಿ ಹೊರಳಿಕೊಂಡು, ಅಡ್ಡಡ್ಡ ಹೋಗಿ ಎಲ್ಲೋ ಬಡಿಯುತ್ತದೆ. ಜಿಂಕೆಯ ಹೊಟ್ಟೆಗೆ ಬಡಿದರೆ ಆ ಪಾಪ ನಿನ್ನದು.

ನಿಂತಲ್ಲೇ ಕುಸಿಯುವುದು ತೂಕದಿಂದಲ್ಲ. ಹತ್ತಿರ ಬರುವ ತನಕ ಕಾದು, ಮುಂಗಾಲಿನ ಹಿಂದೆ ಹೊಡೆಯುವವನಿಂದ. ಹಾಗೆ ಹೊಡೆದರೂ ಒಂದಷ್ಟು ದೂರ ಓಡಿಯೇ ಓಡುತ್ತದೆ. ನಿನಗೇನು ಕಷ್ಟ? ಒಣಗಿದ ಜರೀಗಿಡದ ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ರಕ್ತ ಕಂಡುಹಿಡಿದವಳಲ್ಲವೇ ನೀನು?

ಫೋನು ಮಾಡು ಎಂದು ಹೇಳಲಾರೆ. ಗಣಿಯ ಕೊರೆಯಂತ್ರದ ಸದ್ದು ತಿಂದು ಬಿಟ್ಟಿದ್ದ ಚೂರು ಕಿವಿಯೂ ಈ ವರ್ಷ ಹೋಯಿತು. ಬರೆ.

ಒನ್ನಿ


ಪೆಲ್ಕಿ
ನವೆಂಬರ್ 15, 1986

ಅಣ್ಣ,

ಇವತ್ತು ದೊಡ್ಡ ಹಂಗಾಮಿನ ಮೊದಲ ದಿನ. ಬೆಳಗಿನಿಂದ ಎಲ್ಲ ಗುಡ್ಡಗಳಲ್ಲೂ ಈಡಿನ ಸದ್ದು. ರೇನೊ ಕಿಟಕಿಯ ಹತ್ತಿರ ಕೂತು ಒಂದೊಂದೂ ಯಾರ ಕೋವಿ ಎಂದು ಹೇಳುತ್ತಿದ್ದಾನೆ. ಅವನು ಹೋಗಲಿಲ್ಲ. ಸೊಂಟ ನೋವು ಅಂದ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಆದರೂ ಒಂದು ಮಾತು. ಉಂಡೆ ಚಿಕ್ಕ ತೂತು ಮಾಡುತ್ತದೆ, ರಕ್ತ ಹನಿಹನಿಯಾಗಿ ಬೀಳುತ್ತದೆ. ಭಾರದ ಗುಂಡಾದರೆ ಆಚೆ ಬದಿಗೂ ಹೊರಟು ದಾರಿ ತುಂಬ ರಕ್ತ ಚೆಲ್ಲುತ್ತದಂತೆ, ಯಾರಿಗಾದರೂ ಕಾಣುವಷ್ಟು. ಅಂಥದ್ದು ಬೇಕು. ಓಡಿದ ಜಿಂಕೆಯನ್ನು ಹುಡುಕುವ ಪಾಡು ಬೇಡ. ಮದ್ದು ಹೆಚ್ಚು ಹಾಕಿದರೆ ಆ ಗುಂಡು ನೆಟ್ಟಗೆ ಹೋಗುವುದಿಲ್ಲವೇ?

ನಿನ್ನ ಕಿವಿಯ ವಿಷಯ ಓದಿ ಬೇಸರವಾಯಿತು. ಮೊದಲೇ ಯಾಕೆ ಹೇಳಲಿಲ್ಲ?

ಐಲಿ


ಬಿಸ್ಬಿ
ನವೆಂಬರ್ 20, 1986

ಐಲಿ,

ಮದ್ದು ಹೆಚ್ಚು ಹಾಕಬೇಡ. ಹಾಕಿದರೂ ಆ ಗುಂಡು ನೆಟ್ಟಗೆ ಹೋಗದು, ನೋಯುವುದು ನಿನ್ನ ಭುಜ ಮಾತ್ರ.

"ಯಾರಿಗಾದರೂ ಕಾಣುವಷ್ಟು" ಎಂದು ಬರೆದಿದ್ದೀಯಲ್ಲ, ಅದನ್ನೇ ಯೋಚಿಸುತ್ತಿದ್ದೇನೆ. ನಿನಗೆ ಏನಾಗಿದೆ? ಮಂಡಿಯೋ, ಎದೆಯೋ? ಹಿಮದಲ್ಲಿ ನಡೆಯಲು ಆಗುತ್ತಿಲ್ಲವೇ? ಹಾಗಿದ್ದರೆ ಬೇಟೆಯೇ ಬೇಡ. ನನ್ನಿಂದ ಮುಚ್ಚಿಡಬೇಡ. ನಾನೇನು ಓಡಿಬಂದು ಬೈಯುವಷ್ಟು ಹತ್ತಿರದಲ್ಲಿಲ್ಲ.

ಹೋಗಲೇಬೇಕೆಂದರೆ ಒಂದು ಕೆಲಸ ಮಾಡು. ಮದ್ದು, ಬಟ್ಟೆ, ಉಂಡೆ ಎಲ್ಲ ಸರಿಯಾಗಿ ತುಂಬಿ, ಗುಂಡನ್ನು ಒಳಗೆ ತಳ್ಳುವ ಗಜದ ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸಮನಾಗಿ ಕೋಲಿನ ಮೇಲೆ ಚಾಕುವಿನಿಂದ ಒಂದು ಗೆರೆ ಕೊರೆ. ಕಾಡಿನಲ್ಲಿ ಆಗಾಗ ಕೋಲು ಇಳಿಸಿ ನೋಡು. ಗೆರೆ ಬಾಯಿಗೆ ಸಮನಾಗಿದ್ದರೆ ಗುಂಡು ತನ್ನ ಜಾಗದಲ್ಲಿದೆ. ಮೇಲೆ ನಿಂತರೆ ಹೊಡೆಯಬೇಡ.

ರೇನೊ ನಿನ್ನ ಜೊತೆ ಬರುತ್ತಾನೆಯೇ? ಅವನ ಕೈಗೆ ಮಾತ್ರ ಕೋವಿ ಕೊಡಬೇಡ. ಮೂರು ವರ್ಷದ ಹಿಂದೆ ನಾನು ಎಲ್ಲರ ಎದುರು ಸೌನಾದಲ್ಲಿ ಅವನ ಕಣ್ಣಿನ ಬಗ್ಗೆ ಹೇಳಿದ್ದು ಒರಟಾಗಿತ್ತು, ಒಪ್ಪುತ್ತೇನೆ. ಆದರೆ ಪಕ್ಕದ ಮನೆಯ ಕರುವನ್ನು ಜಿಂಕೆ ಅಂದುಕೊಂಡು ಹೊಡೆದವನಿಗೆ, ಅವನು ಹೇಳಿದಂತೆ ಮಂಜು ಅಡ್ಡ ಬಂದಿರಲಿಲ್ಲ. ಅವತ್ತು ಬಿಸಿಲಿತ್ತು.

ಒನ್ನಿ


ಪೆಲ್ಕಿ
ನವೆಂಬರ್ 26, 1986

ಅಣ್ಣ,

ನಿನ್ನ ಉಪದೇಶ ಸಾಕು. ಭಾರದ ಗುಂಡೇ ಎಂದು ತೀರ್ಮಾನವಾಗಿದೆ. ನನ್ನ ಮಂಡಿಯೂ ಚೆನ್ನಾಗಿದೆ, ಎದೆಯೂ ಚೆನ್ನಾಗಿದೆ.

ಆ ಗುಂಡು ತುಂಬುವುದು ಸುಲಭ. ಬಟ್ಟೆಯ ಕಾಟವಿಲ್ಲ, ಹೆಬ್ಬೆರಳಲ್ಲಿ ಒತ್ತಿದರೂ ಇಳಿಯುತ್ತದೆ. ಮೊನ್ನೆ ಕೊಟ್ಟಿಗೆಯ ಹಿಂದೆ ಒಂದೆರಡು ಈಡು ಹೊಡೆದದ್ದಕ್ಕೆ ಬಲಭುಜ ನೀಲಿಗಟ್ಟಿದೆ. ಕೋವಿಯ ಪಟ್ಟಿ ತಗುಲಿದರೂ ಉರಿ. ಅದಕ್ಕೇ ಕೋವಿಯನ್ನು ಎಡಭುಜಕ್ಕೆ, ಬಾಯಿ ಕೆಳಗೆ ಮಾಡಿ ನೇತುಹಾಕಿಕೊಳ್ಳುವುದು. ಹಿಮವೂ ನಳಿಗೆಯೊಳಗೆ ಬೀಳುವುದಿಲ್ಲ. ನೀನು ಹೇಳಿದ ಗೆರೆಯನ್ನು ಕೋಲಿಗೆ ಕೊರೆದಿದ್ದೇನೆ, ಸಮಾಧಾನ ಮಾಡಿಕೊ.

ಹಂಗಾಮು ಮುಂದಿನ ಶುಕ್ರವಾರ ಶುರು. ಗುರುವಾರವೇ ಜೌಗಿನ ಹತ್ತಿರದ ಗುಡಿಸಿಲಿಗೆ ಹೋಗುತ್ತೇವೆ.

ಇನ್ನು ಕರುವಿನ ಸುದ್ದಿ ಎತ್ತಬೇಡ. ಈ ಮನೆಯಲ್ಲಿ ದಿನವೂ ಆ ಕರು ಎದ್ದು ಬಂದು ನಿಲ್ಲುತ್ತದೆ. ನೀನು ನೆನಪಿಸಬೇಕಾಗಿಲ್ಲ.

ಐಲಿ


ಬಿಸ್ಬಿ
ಡಿಸೆಂಬರ್ 1, 1986

ಐಲಿ,

ಕಾಗದ ಈಗ ತಾನೇ ಬಂತು. ಅಂಚೆಕಚೇರಿಯ ಕಟ್ಟೆಯ ಮೇಲೇ ಕೂತು ಬರೆಯುತ್ತಿದ್ದೇನೆ.

ನೀನು ಉಣ್ಣುವುದು ಎಡಗೈಯಲ್ಲಿ, ಬರೆಯುವುದು ಎಡಗೈಯಲ್ಲಿ, ಚಿಕ್ಕವಳಿದ್ದಾಗ ನನ್ನ ಕೆನ್ನೆಗೆ ಬಾರಿಸಿದ್ದೂ ಎಡಗೈಯಲ್ಲಿ. ನೀನು ಕೋವಿ ಹಿಡಿದಿದ್ದರೆ ನೀಲಿಗಟ್ಟಬೇಕಾದದ್ದು ಎಡಭುಜ. ಹೊಡೆಯುತ್ತಿರುವುದು ರೇನೊ. ಅವನಿಗೆ ಹಿಮದ ಮೇಲೆ ರಕ್ತ ಕಾಣುವುದಿಲ್ಲ. ಅದಕ್ಕೇ ಭಾರದ ಗುಂಡು. ಅಲ್ಲವೇ?

ಸುಳ್ಳು ಹೇಳಿದ್ದಕ್ಕೆ ಸಿಟ್ಟಿಲ್ಲ. ಆದರೆ ನಾನು ಇಷ್ಟು ದಿನ ನಿನ್ನ ಕೈಗೆಂದು ಪಾಠ ಹೇಳುತ್ತಿದ್ದೆ. ಅವನ ಕೈಗೆಂದು ಗೊತ್ತಿದ್ದರೆ ಮೊದಲ ಕಾಗದದಲ್ಲೇ ಹೇಳುತ್ತಿದ್ದೆ. ಅವನು ಯಾವಾಗಲೂ ಕೋವಿಯ ಬಾಯಿ ಕೆಳಗೆ ಮಾಡಿಯೇ ನಡೆಯುವವನು. ಬಟ್ಟೆ ಸುತ್ತಿದ ಉಂಡೆ ನಳಿಗೆಯನ್ನು ಕಚ್ಚಿಕೊಂಡಿರುತ್ತದೆ, ಅಲುಗುವುದಿಲ್ಲ. ಹೆಬ್ಬೆರಳಲ್ಲಿ ಇಳಿಯುವ ಗುಂಡು, ಅಷ್ಟು ಭಾರದ್ದು, ಒಂದೊಂದು ಹೆಜ್ಜೆಗೂ ಮುಂದಕ್ಕೆ ಜಾರುತ್ತದೆ. ಮದ್ದು ಹಿಂದೆ, ಗುಂಡು ಮುಂದೆ, ನಡುವೆ ಖಾಲಿ. ಹಾಗೆ ಹೊಡೆದರೆ ನಳಿಗೆ ಸೀಳಿಹೋಗಬಹುದು, ಎಡಗೈ ಹಿಡಿದಿರುವ ಜಾಗದಲ್ಲೇ. ಅಂಗೈ ಕಳೆದುಕೊಂಡವನನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿ ಕೂತವರ ಮುಖವನ್ನೂ ಅದು ಬಿಡುವುದಿಲ್ಲ. ಪಕ್ಕದಲ್ಲಿ ಕೂರುವವಳು ನೀನು.

ಇದನ್ನು ರೇನೊಗೆ ಓದಿ ಹೇಳು: ರೇನೊ, ನನ್ನನ್ನು ಬೈಯಿ, ಶಾಪ ಹಾಕು, ಆದರೆ ಆ ಗುಂಡು ಹಾಕಬೇಡ.

ಈ ಕಾಗದ ಗುರುವಾರದೊಳಗೆ ತಲುಪಬೇಕು. ಒಚೋವಾ ಕೈಯಲ್ಲಿ ಫೋನೂ ಮಾಡಿಸುತ್ತೇನೆ.

ಒನ್ನಿ


ಬಿಸ್ಬಿ
ಡಿಸೆಂಬರ್ 7, 1986

ಐಲಿ,

ಎಲ್ಲಿದ್ದೀರಿ?

ಬುಧವಾರದಿಂದ ಒಚೋವಾ ಫೋನು ಮಾಡುತ್ತಲೇ ಇದ್ದಾರೆ. ಮೊದಲು ಹಿಮಗಾಳಿಗೆ ತಂತಿ ಹರಿದಿದೆ ಎಂದರಂತೆ. ಈಗ ಗಂಟೆ ಹೊಡೆಯುತ್ತಿದೆಯಂತೆ, ಯಾರೂ ಎತ್ತುತ್ತಿಲ್ಲವಂತೆ. ಆಕೆ ಫೋನು ಕಿವಿಗಿಟ್ಟುಕೊಂಡು ನಿಂತಿರುತ್ತಾರೆ, ನಾನು ಎದುರಿಗೆ ಕೂತು ಆಕೆಯ ತುಟಿಯನ್ನೇ ನೋಡುತ್ತಿರುತ್ತೇನೆ, ಯಾವಾಗ ಅಲ್ಲಾಡುತ್ತದೆ ಎಂದು. ಅಲ್ಲಾಡುವುದಿಲ್ಲ. ತಲೆ ಅಲ್ಲಾಡಿಸುತ್ತಾರೆ, ಇಟ್ಟುಬಿಡುತ್ತಾರೆ.

ನಿನ್ನೆ ಹೋಟೆಲಿನಲ್ಲಿ ಯಾರೋ ತಟ್ಟೆ ಬೀಳಿಸಿದರು. ನನಗೆ ಕೇಳಿಸಲಿಲ್ಲ, ನೆಲ ಅದುರಿದ್ದು ಕಾಲಿಗೆ ಗೊತ್ತಾಯಿತು. ಎದ್ದು ನಿಂತುಬಿಟ್ಟೆ. ಆ ಕೋವಿ ಮಾಡಿದ ಕೈ ನನ್ನದು.

ಒಂದು ಸಾಲು ಬರೆ. ಯಾರ ಕೈಯಲ್ಲಾದರೂ ಬರೆಸು.

ಒನ್ನಿ


ಪೆಲ್ಕಿ
ಡಿಸೆಂಬರ್ 9, 1986

ಅಣ್ಣ,

ಅಕ್ಷರ ಸೊಟ್ಟಗಿದೆ, ಕ್ಷಮಿಸು. ಬಲಗೈಯಲ್ಲಿ ಬರೆಯುತ್ತಿದ್ದೇನೆ. ನಾವಿಬ್ಬರೂ ಬದುಕಿದ್ದೇವೆ. ಅದನ್ನು ಮೊದಲು ಹೇಳಬೇಕು.

ನಿನ್ನ ಡಿಸೆಂಬರ್ ಒಂದರ ಕಾಗದ ನಮ್ಮ ಅಂಚೆಪೆಟ್ಟಿಗೆಯಲ್ಲಿ ಹಿಮದ ಅಡಿ ಬಿದ್ದಿತ್ತು. ಗುಡಿಸಿಲಿನಿಂದ ನಿನ್ನೆ ಬಂದ ಮೇಲೆ ಸಲಿಕೆಯಿಂದ ತೋಡಿ ತೆಗೆದೆ. ನೀನು ಬರೆದದ್ದೆಲ್ಲ ನಿಜ. ರೇನೊನ ಕಣ್ಣಿನ ನಡುವೆ ಒಂದು ಬೂದು ಕಲೆ ಕೂತಿದೆ. ಅಂಚಿನಲ್ಲಿ ಮಾತ್ರ ಕಾಣುತ್ತದೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆಗೆ ನೋಡುತ್ತಾನೆ. ವೈದ್ಯರ ಹತ್ತಿರ ಬಾ ಎಂದರೆ ಕನ್ನಡಕ ಒರೆಸುತ್ತಾ ಕೂರುತ್ತಾನೆ. ಗಾಡಿ ಓಡಿಸುವುದನ್ನು ತಾನಾಗಿಯೇ ನಿಲ್ಲಿಸಿದ. ಬೇಟೆಯೊಂದನ್ನು ಬಿಡಲಿಲ್ಲ. ನಾನು ಬರದಿದ್ದರೆ ಒಬ್ಬನೇ ಹೋಗುತ್ತಿದ್ದ. ಅದಕ್ಕೇ ನಾನು ಅವನ ಕಣ್ಣಾಗಿ ಹೋದೆ. ಬಲಗಡೆ ಕೂತು ಕಿವಿಯಲ್ಲಿ ಹೇಳುವುದು: ಸ್ವಲ್ಪ ಎಡಕ್ಕೆ, ಇನ್ನೂ ಕೆಳಗೆ, ಈಗ. ಬಾಟಲಿಗಳ ಮೇಲೆ ಹಾಗೆ ಅಭ್ಯಾಸ ಮಾಡಿದ್ದೆವು. ಹಿಂದೆ ಗುಡ್ಡ ಇರುವ ಕಡೆ ಮಾತ್ರ ಕೂರೋಣ ಎಂದು ಒಪ್ಪಿಸಿದ್ದೆ. ಅಷ್ಟರಿಂದ ಎಲ್ಲ ಸರಿಹೋಯಿತು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಶನಿವಾರ ಬೆಳಗ್ಗೆ ಜೌಗಿನ ಅಂಚಿನ ಸೀಡರ್ ಮರಗಳ ಹತ್ತಿರ ಕೂತೆವು. ಹಿಮ ಮಂಡಿಯವರೆಗೆ ಇತ್ತು, ಅಲ್ಲಿಗೆ ಬರುವಷ್ಟರಲ್ಲಿ ರೇನೊ ಎಷ್ಟೋ ಸಲ ಮುಗ್ಗರಿಸಿದ್ದ. ಅವನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವಾಗ ನಾನು ಸದ್ದಿಲ್ಲದೆ ಕೋಲು ಇಳಿಸಿ ನೋಡಿದೆ. ಗೆರೆ ನಳಿಗೆಯ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು.

"ರೇನೊ, ಗುಂಡು ಜಾರಿದೆ" ಅಂದೆ.

"ಯಾರು ಹೇಳಿದ್ದು?"

"ಕೋಲು ಹೇಳ್ತಿದೆ. ಗೆರೆ ಮೇಲಿದೆ ನೋಡು."

"ಗೆರೆ? ನನ್ನ ಕೋಲಿಗೆ ಗೆರೆ ಹಾಕಿದ್ಯಾರು?" ಅಂದ. ಕಾಫಿ ಕಪ್ಪನ್ನು ಹಿಮದಲ್ಲಿ ಊರಿಟ್ಟ. ಆಮೇಲೆ, "ಅವನಿಗೆ ಕಾಗದ ಬರೀತಿದೀಯ ಅಲ್ವಾ? ನನಗೆ ಕಣ್ಣು ಕಾಣಲ್ಲ ಅಂತ ಅಲ್ಲಿ ಕೂತು ಅವ್ನು ನಗ್ತಿದಾನೆ, ಇಲ್ಲಿ ನೀನು ಕೋಲಿಗೆ ಗೆರೆ ಹಾಕ್ತಿದೀಯ."

"ಯಾರೂ ನಗ್ತಿಲ್ಲ. ಕೋವಿ ಕೊಡು, ಗುಂಡನ್ನ ಕೆಳಗೆ ಕೂರಿಸ್ತೀನಿ."

"ಮುಟ್ಟಬೇಡ."

ಕೋವಿ ಕಿತ್ತುಕೊಂಡ. ಕೋಲು ಹಿಮಕ್ಕೆ ಬಿತ್ತು. ಆಗಲೇ, ನಮ್ಮ ಪಿಸುಮಾತಿಗೂ ಹೆದರದೆ, ಕೊಂಬಿನ ಗಂಡೊಂದು ಸೀಡರ್ ಸಂದಿನಿಂದ ಹೊರಗೆ ಬಂದು ನಿಂತಿತು. ರೇನೊಗೆ ಅದರ ಅಲುಗಾಟ ಗೊತ್ತಾಯಿತು. ಮುಖ ವಾರೆ ಮಾಡಿ ಕೋವಿ ಎತ್ತಿದ. ಕೇಪು ಹಾಕಿ, ಅದನ್ನು ಬಡಿದು ಸಿಡಿಸುವ ಕುದುರೆಯನ್ನು ಹಿಂದಕ್ಕೆ ಎಳೆದ. ಅವನು ನನ್ನನ್ನು ಕೇಳಲಿಲ್ಲ. ಎಡಕ್ಕೋ ಬಲಕ್ಕೋ ಎಂದು ಕೇಳಿದ್ದರೆ ನಾನು ಸುಳ್ಳು ಹೇಳಿಯಾದರೂ ತಪ್ಪಿಸುತ್ತಿದ್ದೆ.

"ಬೇಡ ರೇನೊ" ಅಂದೆ. ಅವನ ಬೆರಳು ಬಿಗಿಯಾಗುವುದು ಕಂಡಿತು. ಯೋಚಿಸಲಿಲ್ಲ, ಅಣ್ಣ. ಕೈಗವಸು ಬಿಚ್ಚಿದ್ದ ಎಡಗೈಯನ್ನು ಕುದುರೆಗೂ ಕೇಪಿಗೂ ನಡುವೆ ತೂರಿಸಿದೆ. ಕುದುರೆ ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

ಸದ್ದಾಗಲಿಲ್ಲ. ಗಂಡು ಜಿಂಕೆ ನಮ್ಮನ್ನೇ ನೋಡಿ, ಒಮ್ಮೆ ಸೀನಿ, ಬಾಲ ಎತ್ತಿಕೊಂಡು ಹೊರಟುಹೋಯಿತು.

"ಏನಾಯ್ತು? ಕೇಪು ಸುಟ್ಟಿಲ್ವಾ?" ಅಂದ ರೇನೊ. ನಾನು ಹಲ್ಲು ಕಚ್ಚಿಕೊಂಡು ಕುದುರೆ ಎತ್ತಿ ಕೈ ಬಿಡಿಸಿಕೊಂಡೆ, ಕೇಪನ್ನು ಕಿತ್ತು ಎಸೆದೆ. ಉಗುರು ಸೀಳಿಹೋಗಿತ್ತು. ರಕ್ತ ಅವನ ಬೂಟಿನ ಮುಂದೆಯೇ ತೊಟ್ಟಿಕ್ಕುತ್ತಿತ್ತು, ಬೆಳ್ಳನೆ ಹಿಮದ ಮೇಲೆ, ಅಷ್ಟು ಕೆಂಪಗೆ. ಅವನು ಜಿಂಕೆ ಹೋದ ಕಡೆ ಎರಡು ಹೆಜ್ಜೆ ಇಟ್ಟ. ನನ್ನ ರಕ್ತವನ್ನು ತುಳಿದುಕೊಂಡೇ ಹೋದ. ಅವನಿಗೆ ಗೊತ್ತಾಗಲಿಲ್ಲ.

"ರೇನೊ, ನಿಲ್ಲು. ನನ್ನ ಕೈಯಿಂದ ರಕ್ತ ಸುರೀತಿದೆ" ಅಂದೆ.

"ಎಲ್ಲಿ?"

"ನೀನು ನಿಂತಿರೋ ಕಡೆ."

ಅವನು ತಲೆ ಬಗ್ಗಿಸಿದ. ಆ ಕಡೆ ಈ ಕಡೆ ಮುಖ ತಿರುಗಿಸಿ ಹುಡುಕಿದ. ಆಮೇಲೆ ಮಂಡಿಯೂರಿ, ಕೈಗವಸು ತೆಗೆದು, ಹಿಮವನ್ನು ಕೈಯಲ್ಲಿ ಮುಟ್ಟುತ್ತಾ ಬಂದ. ಬಿಸಿ ತಗುಲಿದ ಕಡೆ ನಿಂತ. ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡ.  ಆಮೇಲೆ ತನ್ನ ಮಫ್ಲರ್ ಬಿಚ್ಚಿ ನನ್ನ ಕೈಗೆ ಸುತ್ತಿದ.  

ಗುಡಿಸಿಲಿಗೆ ಬಂದೆವು. ಅವನು ನನ್ನ ಕೋಟಿನ ಬೆಲ್ಟು ಹಿಡಿದುಕೊಂಡು ಹಿಂದೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ. ಅಲ್ಲಿ ಗುಂಡನ್ನು ತಳಕ್ಕೆ ಕೂರಿಸಿ, ಗೆರೆ ನೋಡಿ, ಗುಡ್ಡದ ಮುಂದಿನ ಬರ್ಚ್ ಮರಕ್ಕೆ ಹೊಡೆದು ಕೋವಿ ಖಾಲಿ ಮಾಡಿದೆವು. ತೂತು ದುಂಡಗಿರಲಿಲ್ಲ. ಬೀಗದ ಕೈ ತೂರುವ ಕಂಡಿಯ ಹಾಗೆ ಉದ್ದವಾಗಿತ್ತು. ರೇನೊ ಅದರೊಳಗೆ ಬೆರಳಿಟ್ಟು ನೋಡಿದ. "ಅಡ್ಡ ಹೋಗಿದೆ" ಅಂದ, ಅಷ್ಟೇ.

ಹಿಮಗಾಳಿ ಇಳಿಯುವವರೆಗೂ ಅಲ್ಲೇ ಉಳಿದೆವು. ನಿನ್ನೆ ವೈದ್ಯರು ಬೆರಳಿಗೆ ಹೊಲಿಗೆ ಹಾಕಿದರು. ಮೂಳೆ ಮುರಿದಿಲ್ಲ. "ಏನ್ ಮಾಡ್ಕೊಂಡ್ರಮ್ಮಾ?" ಅಂತ ಕೇಳಿದಾಗ ನಾನು "ಬಾಗಿಲ ಸಂದು" ಅಂದೆ. ರೇನೊ ಪಕ್ಕದಲ್ಲೇ ಇದ್ದ. "ಬಾಗಿಲಲ್ಲ, ನಾನು" ಅಂದ.

ನಿನ್ನಿಂದ ಮುಚ್ಚಿಟ್ಟೆ. ಹೇಳಿದ್ದರೆ ನೀನು ಕೋವಿ ಕಸಿದುಕೊ ಎನ್ನುತ್ತಿದ್ದೆ. ಕಸಿದುಕೊಂಡರೆ ಅವನಲ್ಲಿ ಏನು ಉಳಿಯುತ್ತದೆ ಎಂದು ನನಗೆ ಭಯವಿತ್ತು.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಕೊಟ್ಟಿಗೆಗೆ ಹೋದ. ಇನ್ನೂ ಬಂದಿಲ್ಲ.

ಐಲಿ


ಪೆಲ್ಕಿ
ಡಿಸೆಂಬರ್ 18, 1986

ಒನ್ನಿ,

ನಾನು ರೇನೊ. ಐಲಿ ಅಂಗಡಿಗೆ ಹೋಗಿದ್ದಾಳೆ. ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಸಾಲು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಎಲ್ಲರ ಎದುರು ಹೇಳಬಾರದಿತ್ತು. ಒಬ್ಬನೇ ಇದ್ದಾಗ ಹೇಳಿದ್ದರೆ ಆಗಲೂ ಕೇಳುತ್ತಿರಲಿಲ್ಲ, ಆ ಮಾತು ಬೇರೆ. ಈಗ ನಿನಗೆ ಕಿವಿ ಇಲ್ಲವಂತೆ. ನಾನು ಬೈದರೆ ನಿನಗೆ ಕೇಳಿಸದು, ನೀನು ಮುಖ ಸಿಂಡರಿಸಿದರೆ ನನಗೆ ಕಾಣದು. ಇನ್ನು ಜಗಳವಾಡುವುದಾದರೂ ಹೇಗೆ?

ಆ ಡಬ್ಬವನ್ನು ಅಂಗಡಿಗೆ ಕೊಟ್ಟು ಬಂದೆ. "ಹೆಂಗಿತ್ತು ಗುಂಡು?" ಅಂತ ಅಂಗಡಿಯವನು ಕೇಳಿದ. "ನನ್ನ ಕೋವಿಗೆ ತೂಕ ಜಾಸ್ತಿ ಆಯ್ತು" ಅಂದೆ. ಕೋವಿಯನ್ನು ಎಣ್ಣೆ ಹಚ್ಚಿ ಸುತ್ತಿಟ್ಟಿದ್ದೇನೆ. ಐಲಿಯ ಬೆರಳು ವಾಸಿಯಾದ ಮೇಲೆ ಅದು ಅವಳದು. ಹೊಡೆಯುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು. ಈ ವರ್ಷ ಮನೆಯಲ್ಲಿ ಜಿಂಕೆ ಮಾಂಸವಿಲ್ಲ. ಕರುವಿನ ಮನೆಯವರು ಒಂದು ತೊಡೆ ತಂದುಕೊಟ್ಟರು. ತೆಗೆದುಕೊಳ್ಳುವಾಗ ನಾಚಿಕೆಯಾಯಿತು, ತೆಗೆದುಕೊಂಡೆ.

ಸೋಮವಾರ ಐಲಿ ನನ್ನನ್ನು ಮಾರ್ಕೆಟ್ ನಗರಕ್ಕೆ, ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಎರಡೂವರೆ ಗಂಟೆಯ ದಾರಿ. "ಹೋಗಿ ತೋರಿಸ್ಕೊಂಡು ಬಂದ್ರಾಯ್ತು, ಅದೇನು ಮಹಾ" ಅಂತ ಅವಳ ಎದುರು ಹೇಳಿದ್ದೇನೆ. ಅವಳು ನಂಬಿದಂತೆ ಇದ್ದಾಳೆ.

ನನಗೆ ಭಯವಾಗುತ್ತಿದೆ, ಒನ್ನಿ. ಕಲೆ ದಿನದಿನಕ್ಕೆ ದೊಡ್ಡದಾಗುತ್ತಿದೆ. ಇದನ್ನು ಅವಳಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಬೇಗ ಬರೆ. ದೊಡ್ಡ ಅಕ್ಷರದಲ್ಲಿ ಬರೆ. ನಾನೇ ಓದಿಕೊಳ್ಳಬೇಕು.

ರೇನೊ